ಮಲೆನಾಡಿನ ಮನೆಗೆ ಮೊಟ್ಟೆ ಇನ್‌ಕ್ಯುಬೇಟರ್: ತೇವಾಂಶವನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

ಈ ವಿಮರ್ಶೆ ಸುಮಾರು ಐವತ್ತು ಕೋಳಿಮೊಟ್ಟೆ ಹಿಡಿಯುವ, ಮೊಟ್ಟೆಗಳನ್ನು ತಾನಾಗಿಯೇ ಹೊರಳಿಸುವ, ಮುಚ್ಚಳದಲ್ಲಿ ಹೀಟರ್ ಮತ್ತು ಫ್ಯಾನು ಇರುವ ಪ್ಲಾಸ್ಟಿಕ್ ಇನ್‌ಕ್ಯುಬೇಟರನ್ನು ಕುರಿತದ್ದು. ಹೆಚ್ಚುಕಡಿಮೆ ಒಂದೇ ಅಚ್ಚಿನ ಈ ಪೆಟ್ಟಿಗೆ ಮಾರುಕಟ್ಟೆಯಲ್ಲಿ ಹಲವು ಹೆಸರುಗಳಲ್ಲಿ ಸಿಗುತ್ತದೆ. ತಳದಲ್ಲಿ ಎರಡು ನೀರಿನ ಕಾಲುವೆ, ಮುಚ್ಚಳದಲ್ಲಿ ತೆರೆದು ಮುಚ್ಚಬಹುದಾದ ಗಾಳಿಕಿಂಡಿ, ಉಷ್ಣತೆ ಮತ್ತು ತೇವಾಂಶವನ್ನು ತೋರಿಸುವ ಪುಟ್ಟ ಪರದೆ, ಹೊರಗಿನಿಂದಲೇ ನೀರು ಹೊಯ್ಯಲು ಒಂದು ತೂತು, ಇವೆಲ್ಲ ಆ ಬಗೆಯ ಪೆಟ್ಟಿಗೆಗಳಿಗೆ ಸಾಮಾನ್ಯ. ಆದ್ದರಿಂದ ತಯಾರಕರ ಹೆಸರನ್ನು ಬದಿಗಿಟ್ಟು ರಚನೆಯನ್ನೇ ನೋಡುವುದು ಓದುಗರಿಗೆ ಹೆಚ್ಚು ಉಪಯುಕ್ತ ಎಂದುಕೊಂಡಿದ್ದೇನೆ. ಹೊಸನಗರ ತಾಲ್ಲೂಕಿನ ನಮ್ಮ ಮನೆಯಲ್ಲಿ ಈ ಯಂತ್ರ ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಕೆಲಸ ಮಾಡಿದೆ. ಬಿಸಿ ಕೊಡುವ ಕೆಲಸದಲ್ಲಿ ಅದು ನಂಬಿಕೆಗೆ ಅರ್ಹ ಎಂಬುದು ನನ್ನ ಅಭಿಪ್ರಾಯ. ತೇವಾಂಶದ ವಿಷಯದಲ್ಲಿ ಮಾತ್ರ ಅದರ ಜೊತೆ ಬರುವ ಕೈಪಿಡಿಯನ್ನು ನಮ್ಮ ಕಡೆಯವರು ಅಕ್ಷರಶಃ ಪಾಲಿಸಬಾರದು. ಪರದೆಯ ಮೇಲೆ ಕಾಣುವ ಅಂಕಿಗಿಂತ ಮೊಟ್ಟೆಯ ತೂಕವನ್ನು ನಂಬುವವರ ಕೈಯಲ್ಲಿ ಇದು ಒಳ್ಳೆಯ ಯಂತ್ರ. ಅಂಕಿಯನ್ನಷ್ಟೇ ನಂಬುವವರಿಗೆ ಆಷಾಢ, ಶ್ರಾವಣಗಳಲ್ಲಿ ಇದು ನಿರಾಶೆಯನ್ನೇ ತರುತ್ತದೆ.

ಇಂಥ ಯಂತ್ರ ಹಳ್ಳಿಮನೆಗೆ ಏಕೆ ಬೇಕಾಯಿತು ಎಂದು ಕೇಳುವವರಿದ್ದಾರೆ. ನಾಟಿ ಹೇಂಟೆ ತಾನಾಗಿ ಕಾವಿಗೆ ಕೂತರೆ ಹತ್ತು ಹನ್ನೆರಡು ಮೊಟ್ಟೆಯನ್ನು ಚೆನ್ನಾಗಿಯೇ ಮರಿ ಮಾಡುತ್ತದೆ, ಅದರಷ್ಟು ನಿಪುಣವಾದ ಯಂತ್ರ ಇನ್ನೂ ಬಂದಿಲ್ಲ. ಆದರೆ ಕಾವು ಯಾವಾಗ ಬರುತ್ತದೆ ಎಂಬುದು ಅದರ ಇಷ್ಟ. ಗಿರಿರಾಜ, ಸ್ವರ್ಣಧಾರದಂಥ ಸುಧಾರಿತ ತಳಿಗಳು ಕಾವಿಗೆ ಕೂರುವುದು ಅಪರೂಪ. ಕಾವಿಗೆ ಕೂತ ಕೋಳಿ ಆ ಮೂರು ವಾರ ಮತ್ತು ಮರಿ ಸಾಕುವ ಮುಂದಿನ ವಾರಗಳಲ್ಲಿ ಮೊಟ್ಟೆ ಇಡುವುದಿಲ್ಲ. ಮೂವತ್ತು ನಲವತ್ತು ಮರಿಗಳು ಒಂದೇ ವಯಸ್ಸಿನವು ಬೇಕು ಎನ್ನುವವರಿಗೆ ಪೆಟ್ಟಿಗೆಯೇ ದಾರಿ.

ಉಷ್ಣತೆ ಮತ್ತು ಹೊರಳಿಸುವಿಕೆಯ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಫ್ಯಾನು ಇರುವ ಪೆಟ್ಟಿಗೆಯಲ್ಲಿ ಕೋಳಿಮೊಟ್ಟೆಗೆ 37.5 ಡಿಗ್ರಿ ಸೆಲ್ಸಿಯಸ್ ಬೇಕು. ನಾನು ಬೇರೆ ಥರ್ಮಾಮೀಟರ್ ಇಟ್ಟು ನೋಡಿದಾಗ ಮಧ್ಯದಲ್ಲೂ ಮೂಲೆಗಳಲ್ಲೂ ಸಣ್ಣ ವ್ಯತ್ಯಾಸವಷ್ಟೇ ಕಂಡುಬಂತು, ಮೂಲೆಯ ಮೊಟ್ಟೆಗಳನ್ನು ವಾರಕ್ಕೊಮ್ಮೆ ಮಧ್ಯಕ್ಕೆ ಬದಲಾಯಿಸಿದರೆ ಅದೂ ಸರಿಹೋಗುತ್ತದೆ. ಹೊರಳಿಸುವ ಮೋಟಾರು ಸದ್ದಿಲ್ಲದೆ ಕೆಲಸ ಮಾಡುತ್ತದೆ. 18ನೆಯ ದಿನ ಅದನ್ನು ನಿಲ್ಲಿಸಿ ಮೊಟ್ಟೆಗಳನ್ನು ಜಾಲರಿಯ ಮೇಲೆ ಮಲಗಿಸಿಡಬೇಕು, ಅಷ್ಟೆ.

ತೇವಾಂಶದ ವಿಷಯ ಇಷ್ಟು ಸರಳವಲ್ಲ. ಕೋಳಿಮೊಟ್ಟೆಯ ಚಿಪ್ಪಿನಲ್ಲಿ ಬರಿಗಣ್ಣಿಗೆ ಕಾಣದ ಸಾವಿರಾರು ರಂಧ್ರಗಳಿವೆ. ಒಳಗಿನ ಭ್ರೂಣ ಉಸಿರಾಡುವುದು ಈ ರಂಧ್ರಗಳ ಮೂಲಕ, ಒಳಗಿನ ನೀರು ಆವಿಯಾಗಿ ಹೊರಹೋಗುವುದೂ ಇವುಗಳ ಮೂಲಕವೇ. ಹೊರಹೋದ ನೀರಿನ ಜಾಗವನ್ನು ಗಾಳಿ ತುಂಬುತ್ತದೆ. ಮೊಟ್ಟೆಯ ದಪ್ಪ ತುದಿಯಲ್ಲಿರುವ ಗಾಳಿಗೂಡು ದಿನದಿಂದ ದಿನಕ್ಕೆ ಹಿಗ್ಗುತ್ತದೆ. 18ನೆಯ ದಿನದ ಹೊತ್ತಿಗೆ ಮೊಟ್ಟೆ ತನ್ನ ಮೊದಲ ತೂಕದಲ್ಲಿ ಶೇ. 12ರಿಂದ 13ರಷ್ಟನ್ನು ಕಳೆದುಕೊಂಡಿರಬೇಕು, ಗಾಳಿಗೂಡು ಮೊಟ್ಟೆಯ ಮೂರನೆಯ ಒಂದು ಭಾಗದ ಹತ್ತಿರಕ್ಕೆ ಬಂದಿರಬೇಕು. ಮರಿ ಚಿಪ್ಪನ್ನು ಒಡೆಯುವ ಮೊದಲು ಕೊಕ್ಕಿನಿಂದ ಒಳಪೊರೆಯನ್ನು ಸೀಳಿ ತನ್ನ ಶ್ವಾಸಕೋಶಕ್ಕೆ ಮೊದಲ ಗಾಳಿಯನ್ನು ಎಳೆದುಕೊಳ್ಳುವುದು ಈ ಗೂಡಿನಿಂದಲೇ. ಹೀಗಾಗಿ ತೇವಾಂಶವೆಂದರೆ ಮೊಟ್ಟೆ ಒಣಗದಂತೆ ಕಾಯುವ ಉಪಾಯ ಮಾತ್ರವಲ್ಲ. ಮೊಟ್ಟೆ ಒಂದು ಗೊತ್ತಾದ ಪ್ರಮಾಣದಲ್ಲಿ ಒಣಗಲೇಬೇಕು, ಆ ಪ್ರಮಾಣವನ್ನು ಕಾಯುವುದೇ ತೇವಾಂಶ ನಿರ್ವಹಣೆಯ ಉದ್ದೇಶ. ಈ ಒಂದು ಅಂಶವನ್ನು ಕೈಪಿಡಿ ಎಲ್ಲಿಯೂ ಹೇಳುವುದಿಲ್ಲ. ಅದರ ದೊಡ್ಡ ಕೊರತೆ ಇದು.

ಕೈಪಿಡಿ ಹೇಳುವುದು ಇಷ್ಟೆ: ಮೊದಲ 18 ದಿನ ಒಂದು ಕಾಲುವೆಗೆ ನೀರು ತುಂಬಿ, ಕೊನೆಯ ಮೂರು ದಿನ ಎರಡಕ್ಕೂ ತುಂಬಿ, ತೇವಾಂಶ ಮೊದಲು ಶೇ. 50ರಿಂದ 55, ಆಮೇಲೆ ಶೇ. 65ರಿಂದ 70 ಇರಲಿ. ಅಂಕಿಗಳು ಸರಿಯಾಗಿಯೇ ಇವೆ. ಆದರೆ ಒಂದು ಕಾಲುವೆ ನೀರು ಹಾಕಿದರೆ ಶೇ. 50 ಬರುತ್ತದೆ ಎಂಬ ಊಹೆ ಮೊಟ್ಟೆ ಇಟ್ಟ ಕೋಣೆಯ ಗಾಳಿಯನ್ನು ಅವಲಂಬಿಸಿದೆ, ಆ ಕೋಣೆ ಬಳ್ಳಾರಿಯಲ್ಲಿದೆಯೋ ಆಗುಂಬೆಯ ಪಕ್ಕದಲ್ಲಿದೆಯೋ ಎಂಬುದು ಕೈಪಿಡಿ ಬರೆದವರಿಗೆ ಗೊತ್ತಿರಲು ಸಾಧ್ಯವಿಲ್ಲ.

ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇದು ಅರ್ಥವಾದರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ. ಗಾಳಿ ಬಿಸಿಯಾದಷ್ಟೂ ಅದು ಹಿಡಿದಿಡಬಲ್ಲ ನೀರಾವಿ ಹೆಚ್ಚುತ್ತದೆ. ಶೇಕಡಾ ತೇವಾಂಶವೆಂದರೆ ಹಾಗೆ ಹಿಡಿದಿಡಬಲ್ಲ ನೀರಾವಿಯಲ್ಲಿ ಎಷ್ಟು ಪಾಲು ಗಾಳಿಯಲ್ಲಿ ಈಗ ಇದೆ ಎಂಬ ಲೆಕ್ಕ. 24 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಸುಮಾರು 22 ಗ್ರಾಂ ನೀರಾವಿಗೇ ತುಂಬಿಹೋಗುತ್ತದೆ, 37.5 ಡಿಗ್ರಿಯಲ್ಲಿ ಅಷ್ಟೇ ಗಾಳಿ ತುಂಬಲು ಸುಮಾರು 45 ಗ್ರಾಂ ಬೇಕು. ಪುನರ್ವಸು, ಪುಷ್ಯ ಮಳೆ ಹಿಡಿದು ಹೊಡೆಯುವ ದಿನಗಳಲ್ಲಿ ನಮ್ಮ ಮನೆಯೊಳಗಿನ ಗಾಳಿ 24 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ, ತೇವಾಂಶ ಶೇ. 95ನ್ನು ಮುಟ್ಟುತ್ತದೆ. ಆ ಗಾಳಿ ಕಿಂಡಿಯಿಂದ ಪೆಟ್ಟಿಗೆಯೊಳಗೆ ಹೋಗಿ 37.5 ಡಿಗ್ರಿಗೆ ಬಿಸಿಯಾದಾಗ, ಒಂದು ಹನಿ ನೀರನ್ನೂ ಹಾಕದೆ, ಶೇ. 44ರಷ್ಟು ತೇವಾಂಶವನ್ನು ಕೊಡುತ್ತದೆ. ಅದರ ಮೇಲೆ ಮೊಟ್ಟೆಗಳೇ ಬಿಡುವ ಆವಿ ಸೇರುತ್ತದೆ. ಅಂದರೆ ಕಾಲುವೆಗಳು ಒಣಗಿರುವಾಗಲೇ ಪೆಟ್ಟಿಗೆ ಬೇಕಾದ ಮಟ್ಟದ ಹತ್ತಿರ ಬಂದಿರುತ್ತದೆ. ಜನವರಿಯ ಬೆಳಗಿನ ಜಾವ ಕೋಣೆ 16 ಡಿಗ್ರಿಗೆ ಇಳಿದು ತೇವಾಂಶ ಶೇ. 70 ಇದ್ದರೆ ಅದೇ ಲೆಕ್ಕದಲ್ಲಿ ಪೆಟ್ಟಿಗೆಯೊಳಗೆ ಉಳಿಯುವುದು ಶೇ. 20 ಮಾತ್ರ. ಏಪ್ರಿಲ್ ಮಧ್ಯಾಹ್ನ, 33 ಡಿಗ್ರಿ ಬಿಸಿಲು, ಹೊರಗೆ ಶೇ. 45 ತೇವಾಂಶ ಇರುವಾಗ ಒಳಗೆ ಶೇ. 35. ಚಳಿಗಾಲದಲ್ಲಿ ಹೊರಗೆ ಮಂಜು ಸುರಿಯುತ್ತಿರುವಾಗ ಗಾಳಿ ಒದ್ದೆಯಾಗಿದೆ ಎಂದು ನಮಗನ್ನಿಸುತ್ತದೆ, ಆದರೆ ತಣ್ಣನೆಯ ಗಾಳಿಯಲ್ಲಿ ಇರುವ ನೀರಿನ ಪ್ರಮಾಣವೇ ಕಡಿಮೆ. ಪೆಟ್ಟಿಗೆಯ ಪಾಲಿಗೆ ಅದು ವರ್ಷದಲ್ಲೇ ಅತ್ಯಂತ ಒಣ ಗಾಳಿ. ಮಲೆನಾಡೆಂದರೆ ಸದಾ ತೇವ ಎಂಬ ಭಾವನೆಯಿಂದ ಚಳಿಗಾಲದಲ್ಲೂ ನೀರು ಕಡಿಮೆ ಮಾಡುವವರು ಇದನ್ನು ಗಮನಿಸಬೇಕು.

ಮಳೆಗಾಲದಲ್ಲಿ ಕೈಪಿಡಿಯಂತೆ ಒಂದು ಕಾಲುವೆ ತುಂಬಿಸಿದರೆ ಒಳಗಿನ ತೇವಾಂಶ ಶೇ. 60ನ್ನು ದಾಟುತ್ತದೆ. ಪರಿಣಾಮ ಕೂಡಲೇ ಕಾಣುವುದಿಲ್ಲ. ಏಳನೆಯ ದಿನ ಬೆಳಕು ಹಿಡಿದು ನೋಡಿದರೆ ರಕ್ತನಾಳಗಳು ಚೆನ್ನಾಗಿ ಹರಡಿರುತ್ತವೆ, ಹದಿನಾಲ್ಕನೆಯ ದಿನ ಮರಿ ಮಿಸುಕುವುದೂ ಕಾಣುತ್ತದೆ, ಎಲ್ಲವೂ ಸರಿಯಾಗಿದೆ ಎಂದೇ ಅನ್ನಿಸುತ್ತದೆ. ಆಪತ್ತು ಇರುವುದು ಕೊನೆಯಲ್ಲಿ. ನೀರು ಹೊರಹೋಗದ ಮೊಟ್ಟೆಯಲ್ಲಿ ಮರಿ ಊದಿಕೊಂಡು ಬೆಳೆದಿರುತ್ತದೆ, ಗಾಳಿಗೂಡು ಚಿಕ್ಕದಾಗಿರುತ್ತದೆ. ಮರಿಗೆ ಒಳಗೆ ತಿರುಗಲು ಜಾಗವಿಲ್ಲ, ಮೊದಲ ಉಸಿರಿಗೆ ಗಾಳಿಯೂ ಸಾಲದು. ಕೆಲವು ಮರಿಗಳು ಚಿಪ್ಪು ಕುಟ್ಟಿದ ಜಾಗದಲ್ಲಿಯೇ ಉಳಿದ ದ್ರವದಲ್ಲಿ ಉಸಿರುಗಟ್ಟಿ ಸಾಯುತ್ತವೆ, ಕೆಲವು ಕುಟ್ಟುವ ಮೊದಲೇ. ಹೊರಬಂದವೂ ಮೆತ್ತಗೆ, ಜೋಲುಹೊಟ್ಟೆಯೊಂದಿಗೆ, ಸರಿಯಾಗಿ ಮುಚ್ಚದ ಹೊಕ್ಕುಳಿನೊಂದಿಗೆ ಬರುವ ಸಂಭವ ಹೆಚ್ಚು. 22ನೆಯ ದಿನ ಒಡೆಯದ ಮೊಟ್ಟೆಯನ್ನು ಬಿಡಿಸಿ ನೋಡಿದಾಗ ಪೂರ್ತಿ ಬೆಳೆದ ಮರಿ ಒದ್ದೆಯಾಗಿ ಸತ್ತಿದ್ದರೆ ಮೊದಲು ಸಂಶಯಪಡಬೇಕಾದ್ದು ಹೆಚ್ಚಿನ ತೇವಾಂಶವನ್ನು. ಒಣ ಗಾಳಿಯ ಕೆಡುಕು ಬೇರೆ ಬಗೆಯದು: ಮರಿ ಚಿಕ್ಕದಾಗಿರುತ್ತದೆ, ಒಳಪೊರೆ ಒಣಗಿ ಕಾಗದದಂತೆ ಮೈಗೆ ಅಂಟಿಕೊಳ್ಳುತ್ತದೆ, ತೂತು ಮಾಡಿಕೊಂಡ ಮರಿ ಮುಂದೆ ತಿರುಗಲಾರದೆ ಸೋತುಹೋಗುತ್ತದೆ. ಎರಡನ್ನೂ ಹೋಲಿಸಿದರೆ, ಮೊದಲ 18 ದಿನಗಳಲ್ಲಿ ತುಸು ಒಣಗಿರುವುದನ್ನು ಕೋಳಿಮೊಟ್ಟೆ ಸಹಿಸಿಕೊಳ್ಳುತ್ತದೆ, ತುಸು ಹೆಚ್ಚು ತೇವವನ್ನು ಅಷ್ಟು ಸುಲಭವಾಗಿ ಸಹಿಸುವುದಿಲ್ಲ ಎಂಬುದು ನಾನು ಕಂಡುಕೊಂಡದ್ದು.

ಇನ್ನು ಪರದೆಯ ಅಂಕಿ. ಅಗ್ಗದ ತೇವಾಂಶ ಸಂವೇದಕಗಳು ಶೇ. 5ರಷ್ಟು ಆಚೀಚೆ ತೋರಿಸುವುದು ಸಹಜ, ಮರಿಗಳ ನವಿರು ಪುಕ್ಕದ ಧೂಳು ಕೂತ ಮೇಲೆ ಇನ್ನೂ ಹೆಚ್ಚು ತಪ್ಪುತ್ತವೆ. ಈ ಪೆಟ್ಟಿಗೆಯಲ್ಲಿ ಸಂವೇದಕ ಇರುವುದು ಮುಚ್ಚಳದಲ್ಲಿ, ಫ್ಯಾನಿನ ಪಕ್ಕದಲ್ಲಿ; ಮೊಟ್ಟೆಗಳ ಮಟ್ಟದಲ್ಲಿ ಅಲ್ಲ. ಅದನ್ನು ಕಳಚಿ ಪರೀಕ್ಷಿಸಲು ಬರುವುದಿಲ್ಲ. ಆದ್ದರಿಂದ ಒಂದು ಬೇರೆ ಡಿಜಿಟಲ್ ಹೈಗ್ರೋಮೀಟರ್ (ತೇವಾಂಶ ಮಾಪಕ) ಕೊಂಡು, ಅದನ್ನು ಉಪ್ಪಿನಿಂದ ಪರೀಕ್ಷಿಸಿ, ಮೊಟ್ಟೆಗಳ ನಡುವೆ ಇಡುವುದೇ ಸರಿಯಾದ ದಾರಿ. ಪರೀಕ್ಷೆ ಸುಲಭ. ಬಾಟಲಿಯ ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಅದು ಕರಗಿ ನೀರಾಗದಂತೆ, ಒದ್ದೆ ಮರಳಿನ ಹದಕ್ಕೆ ಬರುವಷ್ಟು ಮಾತ್ರ ನೀರು ಬೆರೆಸಬೇಕು. ಅದನ್ನೂ ಹೈಗ್ರೋಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಟ್ಟಿಗೆ ಮುಚ್ಚಿ ಒಂದು ರಾತ್ರಿ ಬಿಟ್ಟರೆ ಒಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಮಾಪಕ 70 ತೋರಿಸಿದರೆ ಅದು 5 ಕಡಿಮೆ ತೋರಿಸುತ್ತಿದೆ ಎಂದು ಅದರ ಬೆನ್ನಿಗೇ ಬರೆದಿಟ್ಟುಕೊಳ್ಳಬಹುದು. ಹೀಗೆ ಸರಿಪಡಿಸಿಕೊಂಡ ಮಾಪಕದ ಜೊತೆ ಹೋಲಿಸಿದಾಗ ನಮ್ಮ ಪೆಟ್ಟಿಗೆಯ ಪರದೆ ತೇವಾಂಶವನ್ನು ಗಣನೀಯವಾಗಿ ಕಡಿಮೆ ತೋರಿಸುತ್ತಿತ್ತು. ಅದನ್ನು ನಂಬಿ ನೀರು ಸೇರಿಸಿದರೆ ಮಳೆಗಾಲದಲ್ಲಿ ಏನಾಗುತ್ತದೆಂದು ಬೇರೆ ಹೇಳಬೇಕಾಗಿಲ್ಲ. ಡಿಜಿಟಲ್ ಮಾಪಕ ಬೇಡವೆನ್ನುವವರು ಹಳೆಯ ಒದ್ದೆಬತ್ತಿಯ ಕ್ರಮವನ್ನೇ ಅನುಸರಿಸಬಹುದು: ಥರ್ಮಾಮೀಟರಿನ ಬುಡಕ್ಕೆ ಹತ್ತಿಯ ಬತ್ತಿ ಸುತ್ತಿ, ಬತ್ತಿಯ ತುದಿಯನ್ನು ನೀರಿನಲ್ಲಿ ಅದ್ದಿ, ಫ್ಯಾನಿನ ಗಾಳಿ ತಗುಲುವಂತೆ ಇಟ್ಟರೆ ಒಳಗಿನ ಉಷ್ಣತೆ 37.5 ಇರುವಾಗ ಒದ್ದೆ ಬುಡ 29 ಡಿಗ್ರಿ ತೋರಿಸುವುದು ಸುಮಾರು ಶೇ. 53 ತೇವಾಂಶಕ್ಕೆ ಸಮ, 32 ತೋರಿಸುವುದು ಶೇ. 68ಕ್ಕೆ. ಬತ್ತಿಗೆ ಶುದ್ಧವಾಗಿ ಹಿಡಿದ ಮಳೆನೀರು ಒಳ್ಳೆಯದು, ಬಾವಿನೀರಿನ ಲವಣ ಬತ್ತಿಯನ್ನು ಬೇಗ ಗಡುಸು ಮಾಡುತ್ತದೆ.

ಇಷ್ಟಾದರೂ ಮಾಪಕ ಹೇಳುವುದು ಗಾಳಿಯ ಸ್ಥಿತಿಯನ್ನು, ಮೊಟ್ಟೆಯ ಸ್ಥಿತಿಯನ್ನಲ್ಲ. ನಾಟಿ ಮೊಟ್ಟೆಯ ಚಿಪ್ಪು ಒಂದರಿಂದ ಒಂದಕ್ಕೆ ಬೇರೆ. ಕೆಲವು ಗಟ್ಟಿ, ಕೆಲವು ತೆಳು, ಎಳೆಯ ಹೇಂಟೆಯದು ಒಂದು ಬಗೆ, ವಯಸ್ಸಾದ ಹೇಂಟೆಯದು ಇನ್ನೊಂದು. ಒಂದೇ ಗಾಳಿಯಲ್ಲಿ ಒಂದು ಮೊಟ್ಟೆ ಬೇಗ ಒಣಗುತ್ತದೆ, ಇನ್ನೊಂದು ನಿಧಾನವಾಗಿ. ಆದ್ದರಿಂದ ತೂಗುವುದನ್ನು ನಾನು ಎಲ್ಲಕ್ಕಿಂತ ಮುಖ್ಯವೆಂದು ಹೇಳುತ್ತೇನೆ. ಒಂದು ಗ್ರಾಂ ನಿಖರತೆಯ ಅಡುಗೆಮನೆ ತಕ್ಕಡಿಯಲ್ಲಿ ಒಂಟಿ ಮೊಟ್ಟೆಯ ಇಳಿಕೆ ಸ್ಪಷ್ಟವಾಗಿ ತಿಳಿಯದು, ಹತ್ತು ಮೊಟ್ಟೆಗಳನ್ನು ಒಟ್ಟಿಗೆ ತೂಗಬೇಕು. ಚಿನ್ನದಂಗಡಿಯವರು ಬಳಸುವಂಥ, 0.1 ಗ್ರಾಂ ತೋರಿಸುವ ಪುಟ್ಟ ತಕ್ಕಡಿ ಇದ್ದರೆ ಒಂದೊಂದನ್ನೇ ತೂಗಬಹುದು. ಆ ತಕ್ಕಡಿಗೆ ಕೊಡುವ ಹಣ ಈ ಯಂತ್ರಕ್ಕೆ ಕೊಡುವ ಹಣಕ್ಕಿಂತ ಸಾರ್ಥಕ ಎಂದು ನಾನು ನಂಬುತ್ತೇನೆ. ತೂಕ, ದಿನಾಂಕಗಳನ್ನು ಚಿಪ್ಪಿನ ಮೇಲೆ ಸೀಸದಕಡ್ಡಿಯಿಂದ ಬರೆಯಬೇಕು, ಶಾಯಿ ಬೇಡ.

ಒಂದು ಉದಾಹರಣೆ ನೋಡೋಣ. ಹತ್ತು ನಾಟಿ ಮೊಟ್ಟೆಗಳು ಇಡುವ ದಿನ ಒಟ್ಟು 420 ಗ್ರಾಂ ತೂಗಿದವು ಎಂದುಕೊಳ್ಳಿ. ಶೇ. 12.5ರ ಲೆಕ್ಕದಲ್ಲಿ 18 ದಿನಕ್ಕೆ ಇಳಿಯಬೇಕಾದ್ದು ಸುಮಾರು 52 ಗ್ರಾಂ, ದಿನಕ್ಕೆ ಮೂರು ಗ್ರಾಮಿಗೆ ತುಸು ಕಡಿಮೆ. ಏಳನೆಯ ದಿನ 400 ಗ್ರಾಂ, ಹದಿನಾಲ್ಕನೆಯ ದಿನ 379, ಹದಿನೆಂಟನೆಯ ದಿನ 368 ಇರಬೇಕು. ಏಳನೆಯ ದಿನ ತೂಗಿದಾಗ 408 ಇದ್ದರೆ ಮೊಟ್ಟೆಗಳು ಸಾಕಷ್ಟು ಒಣಗಿಲ್ಲ. ಕಾಲುವೆಯಲ್ಲಿ ನೀರಿದ್ದರೆ ಬರಿದು ಮಾಡಿ, ಕಿಂಡಿಯನ್ನು ಇನ್ನಷ್ಟು ತೆರೆಯಬೇಕು. 393ಕ್ಕೆ ಇಳಿದಿದ್ದರೆ ನೀರಿನ ಹರವನ್ನು ಹೆಚ್ಚಿಸಬೇಕು. ಯಾವುದೋ ಒಂದು ದಿನದ ತೇವಾಂಶ ಶೇ. 60ಕ್ಕೆ ಏರಿತು, ಮರುದಿನ 38ಕ್ಕೆ ಇಳಿಯಿತು ಎಂದು ಗಾಬರಿಪಡುವ ಅಗತ್ಯವೇ ಇಲ್ಲ, 18 ದಿನಗಳ ಒಟ್ಟು ಇಳಿಕೆ ಸರಿಯಿದ್ದರೆ ಸಾಕು, ಮೊದಲ ವಾರದ ಏರುಪೇರನ್ನು ಎರಡನೆಯ ವಾರದಲ್ಲಿ ಸರಿದೂಗಿಸಬಹುದು. ನಡುವೆ ಬೆಳಕಿಗೆ ಹಿಡಿದು ನೋಡಿ ಮರಿ ಕಟ್ಟದ ಮೊಟ್ಟೆಗಳನ್ನು ತೆಗೆದರೆ ಉಳಿದವುಗಳ ಮೊದಲ ದಿನದ ತೂಕವನ್ನೇ ಆಧಾರವಾಗಿ ಇಟ್ಟುಕೊಂಡು ಮತ್ತೆ ಲೆಕ್ಕ ಹಾಕಬೇಕು. ಒಂಟಿಯಾಗಿ ತೂಗಿ ಬರೆದಿಟ್ಟವರಿಗೆ ಈ ತೊಡಕಿಲ್ಲ. ತಕ್ಕಡಿಯೇ ಇಲ್ಲದವರು ದೀಪಕ್ಕೆ ಹಿಡಿದು ಗಾಳಿಗೂಡಿನ ಅಂಚನ್ನು ಸೀಸದಕಡ್ಡಿಯಿಂದ ಗುರುತಿಸಿ 7, 14, 18ನೆಯ ದಿನಗಳಲ್ಲಿ ಹೋಲಿಸಬಹುದು. ಅದು ಅಂದಾಜು, ಆದರೂ ಪರದೆಯ ಅಂಕಿಗಿಂತ ಉತ್ತಮ ಅಂದಾಜು.

ಈ ದೃಷ್ಟಿಯಿಂದ ಪೆಟ್ಟಿಗೆಯ ರಚನೆಯನ್ನು ಪರಿಶೀಲಿಸಿದರೆ ಮೆಚ್ಚಬೇಕಾದ ಅಂಶಗಳಿವೆ. ತೇವಾಂಶವನ್ನು ನಿರ್ಧರಿಸುವುದು ನೀರಿನ ಆಳವಲ್ಲ, ಗಾಳಿಗೆ ತೆರೆದಿರುವ ನೀರಿನ ಹರವು. ಎರಡು ಕಾಲುವೆಗಳ ಅಗಲ ಬೇರೆ ಬೇರೆ ಇಟ್ಟಿರುವುದರಿಂದ ಏನೂ ನೀರಿಲ್ಲ, ಕಿರಿದಾದುದು ಮಾತ್ರ, ಅಗಲವಾದುದು ಮಾತ್ರ, ಎರಡೂ ಎಂಬ ನಾಲ್ಕು ಹಂತಗಳು ಸಿಗುತ್ತವೆ. ನಮ್ಮಲ್ಲಿ ಜೂನ್ ಕೊನೆಯಿಂದ ಸೆಪ್ಟೆಂಬರ್ ತನಕ ಮೊದಲ 18 ದಿನ ಕಾಲುವೆಗಳನ್ನು ಒಣಗಿಸಿಯೇ ಇಡುತ್ತೇವೆ. ಬೇಸಿಗೆಯಲ್ಲಿ ಕಿರಿದಾದ ಕಾಲುವೆ ಸಾಕಾಗುತ್ತದೆ. ಡಿಸೆಂಬರ್, ಜನವರಿಯಲ್ಲಿ ಅಗಲವಾದುದು ಬೇಕು, ಕೆಲವೊಮ್ಮೆ ಎರಡೂ. ಇದು ಮಲೆನಾಡಿಗೆಲ್ಲ ಅನ್ವಯಿಸುವ ಸೂತ್ರವಲ್ಲ. ಭದ್ರಾವತಿ, ಶಿಕಾರಿಪುರದ ಬಯಲಿನ ಕಡೆ ಮಳೆಗಾಲವೂ ಇಷ್ಟು ಒದ್ದೆಯಲ್ಲ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಸುತ್ತಿನಲ್ಲಿ ಇದಕ್ಕಿಂತ ಒದ್ದೆ. ಅಲ್ಲಿ ಒಣ ಕಾಲುವೆಯಲ್ಲೂ ಇಳಿಕೆ ಸಾಲದೆ ಬಂದರೆ ಪೆಟ್ಟಿಗೆ ಇಟ್ಟ ಕೋಣೆಯನ್ನೇ ಬೆಚ್ಚಗೆ, ಒಣಗಿದಂತೆ ಇಡುವುದರ ಹೊರತು ಬೇರೆ ಉಪಾಯವಿಲ್ಲ.

ಹೊರಗಿನಿಂದ ನೀರು ಹೊಯ್ಯುವ ತೂತು ತುಂಬ ಉಪಕಾರಿ, ಮುಚ್ಚಳ ತೆರೆಯದೆಯೇ ಕೆಲಸ ಮುಗಿಯುತ್ತದೆ. ಆದರೆ ಅದು ತೆರೆದುಕೊಳ್ಳುವುದು ಕಿರಿದಾದ ಕಾಲುವೆಗೆ ಮಾತ್ರ, ಅದು ತುಂಬಿ ಹರಿದಾಗಲಷ್ಟೇ ನೀರು ಅಗಲವಾದ ಕಾಲುವೆಗೆ ಹೋಗುತ್ತದೆ. ಎಷ್ಟು ತುಂಬಿತೆಂದು ಹೊರಗಿನಿಂದ ಕಾಣುವುದೂ ಇಲ್ಲ. ಕಾಲುವೆಗಳ ನೀರಿನ ಅಳತೆಯನ್ನು ಮೊದಲೇ ಖಾಲಿ ಪೆಟ್ಟಿಗೆಯಲ್ಲಿ ನೋಡಿಟ್ಟುಕೊಂಡು, ಸಿರಿಂಜಿನಿಂದ ಅಷ್ಟೇ ನೀರು ಹಾಕುವುದು ಒಳಿತು. ಹಾಕುವ ನೀರು ಕೈಗೆ ಬೆಚ್ಚಗೆ ತಾಗುವಷ್ಟಿರಬೇಕು, ತಣ್ಣೀರು ಹೊಯ್ದರೆ ಒಳಗಿನ ಬಿಸಿ ಸ್ವಲ್ಪ ಹೊತ್ತು ಇಳಿದುಹೋಗುತ್ತದೆ.

ಗಾಳಿಕಿಂಡಿಯ ವಿಷಯದಲ್ಲಿ ಕೈಪಿಡಿಯ ಸಲಹೆಯನ್ನು ನಾನು ಒಪ್ಪುವುದಿಲ್ಲ. ತೇವಾಂಶ ಸಾಲದಿದ್ದರೆ ಕಿಂಡಿ ಮುಚ್ಚಿ ಎಂದು ಅದು ಹೇಳುತ್ತದೆ. ಅಂಕಿ ಏರುವುದೇನೋ ನಿಜ. ಆದರೆ ಎರಡನೆಯ ವಾರದಿಂದಾಚೆಗೆ ಪ್ರತಿ ಮೊಟ್ಟೆಯೊಳಗೂ ಉಸಿರಾಡುವ ಜೀವವಿದೆ, ಅದಕ್ಕೆ ಬೇಕಾದ ಆಮ್ಲಜನಕ ದಿನೇ ದಿನೇ ಹೆಚ್ಚುತ್ತದೆ, ಅದು ಬಿಡುವ ಇಂಗಾಲದ ಡೈಆಕ್ಸೈಡ್ ಹೊರಹೋಗಲೇಬೇಕು. ಮರಿ ಒಡೆಯುವ ಮೂರು ದಿನಗಳಲ್ಲಂತೂ ಕಿಂಡಿ ಪೂರ್ತಿ ತೆರೆದಿರಬೇಕು. ತೇವಾಂಶ ಬೇಕೆಂದರೆ ನೀರಿನ ಹರವನ್ನು ಹೆಚ್ಚಿಸಬೇಕು, ಜಾಲರಿಯ ಕೆಳಗೆ ಒದ್ದೆ ಸ್ಪಂಜಿನ ತುಂಡುಗಳನ್ನು ಇಡಬಹುದು. ಉಸಿರಿನ ದಾರಿಯನ್ನು ಮುಚ್ಚಿ ತೇವಾಂಶ ಗಳಿಸುವುದು ಸರಿಯಲ್ಲ.

ಕೊನೆಯ ಮೂರು ದಿನಗಳ ವಿಚಾರಕ್ಕೆ ಬಂದರೆ ಗುರಿಯೇ ಬದಲಾಗುತ್ತದೆ. ಅಲ್ಲಿಯವರೆಗೆ ಮೊಟ್ಟೆ ಒಣಗಬೇಕಿತ್ತು, ಈಗ ಪೊರೆ ಒಣಗಬಾರದು. ಮರಿ ಮೊದಲ ತೂತು ಮಾಡಿದ ಮೇಲೆ ಹೊರಬರಲು ಸಾಮಾನ್ಯವಾಗಿ ಹನ್ನೆರಡರಿಂದ ಇಪ್ಪತ್ತನಾಲ್ಕು ಗಂಟೆ ತೆಗೆದುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಅದು ಸುಮ್ಮನಿರುವಂತೆ ಕಂಡರೂ ಹೊಕ್ಕುಳ ಬಳ್ಳಿಯ ರಕ್ತವನ್ನೂ ಉಳಿದ ಹಳದಿಯನ್ನೂ ಮೈಯೊಳಕ್ಕೆ ಎಳೆದುಕೊಳ್ಳುತ್ತಿರುತ್ತದೆ. ಆಗ ಮುಚ್ಚಳ ತೆರೆದು ಸಹಾಯಕ್ಕೆ ಹೋಗುವುದು ಎರಡು ಬಗೆಯ ಅಪಾಯ: ಬಿಡಿಸಿದ ಮರಿಗೆ ರಕ್ತಸ್ರಾವವಾಗಬಹುದು, ಮತ್ತು ತೆರೆದ ಕ್ಷಣದಲ್ಲಿ ಒಳಗಿನ ತೇವದ ಗಾಳಿಯೆಲ್ಲ ಹೊರಹೋಗಿ ಪಕ್ಕದ ಮೊಟ್ಟೆಗಳಲ್ಲಿ ತೂತು ಮಾಡಿಕೊಂಡ ಮರಿಗಳ ಪೊರೆ ಒಣಗಬಹುದು. ಮೊದಲು ಹುಟ್ಟಿದ ಮರಿ ಒಣಗಿ, ಕಿಚಿಕಿಚಿ ಎನ್ನುತ್ತ ಓಡಾಡುತ್ತಿದ್ದರೂ ಅದನ್ನು ಒಂದು ದಿನ ಒಳಗೇ ಬಿಡಬಹುದು, ಮೈಯೊಳಗಿನ ಹಳದಿ ಅದಕ್ಕೆ ಆಹಾರ. ಮನೆಯ ಮಕ್ಕಳು ಪೆಟ್ಟಿಗೆಯ ಮುಂದೆ ಕೂತು ಮುಚ್ಚಳ ತೆಗೆಯಿರೆಂದು ಎಷ್ಟು ಒತ್ತಾಯಿಸಿದರೂ ಒಪ್ಪಬಾರದು. ಈ ಯಂತ್ರದ ಪಾರದರ್ಶಕ ಮುಚ್ಚಳದಿಂದ ಒಳಗಿನದೆಲ್ಲ ಕಾಣುವುದು ಈ ದೃಷ್ಟಿಯಿಂದ ದೊಡ್ಡ ಅನುಕೂಲ.

ಮಳೆಗಾಲದಲ್ಲಿ ಈ ಮೂರು ದಿನಗಳಿಗೂ ಎರಡು ಕಾಲುವೆ ಬೇಕಾಗುವುದಿಲ್ಲ. ಒಂದೇ ಕಾಲುವೆಯಲ್ಲಿ ಶೇ. 65 ಬರುತ್ತದೆ, ಮರಿಗಳು ಒಡೆಯತೊಡಗಿದಂತೆ ಅವುಗಳ ಒದ್ದೆ ಮೈಯಿಂದ ಏಳುವ ಆವಿಯೇ ತೇವಾಂಶವನ್ನು ಇನ್ನೂ ಮೇಲಕ್ಕೆ ಒಯ್ಯುತ್ತದೆ. ಮುಚ್ಚಳದ ಒಳಬದಿಯಲ್ಲಿ ಹನಿಗಟ್ಟಿ ನೀರು ಇಳಿಯುತ್ತಿದ್ದರೆ ಅದು ಅತಿಯಾಯಿತೆಂಬ ಸೂಚನೆ, ಕಿಂಡಿ ಪೂರ್ತಿ ತೆರೆದಿದೆಯೇ ಎಂದು ಮೊದಲು ನೋಡಬೇಕು. ಚಳಿಗಾಲದ ರಾತ್ರಿ ಮಾತ್ರ ಕೋಣೆ ತಣ್ಣಗಿರುವುದರಿಂದ ಸ್ವಲ್ಪ ಹನಿಗಟ್ಟುವುದು ಸಹಜ.

ಪೆಟ್ಟಿಗೆಯನ್ನು ಮನೆಯಲ್ಲಿ ಎಲ್ಲಿ ಇಡಬೇಕೆಂಬುದೂ ತೇವಾಂಶದ ಪ್ರಶ್ನೆಯೇ. ಬಚ್ಚಲೊಲೆಯ ಹತ್ತಿರ ಬೆಚ್ಚಗಿರುತ್ತದೆಂದು ಅಲ್ಲಿ ಇಡುವವರಿದ್ದಾರೆ. ಹಂಡೆಯ ಆವಿ ಬೆಳಿಗ್ಗೆ ಸಂಜೆ ಏರಿ ಮಧ್ಯಾಹ್ನ ಇಳಿಯುವುದರಿಂದ ಅಲ್ಲಿ ಯಾವ ಲೆಕ್ಕವೂ ನಿಲ್ಲದು, ಹೊಗೆಯೂ ಒಳ್ಳೆಯದಲ್ಲ. ಜಗುಲಿಯಲ್ಲಿ ಎರಚಲು ಗಾಳಿ. ಅಡಿಕೆ ಹರಡಿದ ಕೋಣೆಯಲ್ಲಿ ಹಸಿ ಅಡಿಕೆಯ ತೇವ. ನಡುಮನೆಯ ಒಳಗೋಡೆಗೆ ಹತ್ತಿರ, ನೆಲದಿಂದ ಎತ್ತರದ ಮೇಜಿನ ಮೇಲೆ, ಹಗಲು ರಾತ್ರಿ ಉಷ್ಣತೆ ಹೆಚ್ಚು ಏರಿಳಿಯದ ಕಡೆ ಇಟ್ಟರೆ ಅರ್ಧ ಕೆಲಸ ಮುಗಿದಂತೆ. ಮಳೆಗಾಲದಲ್ಲಿ ವಿದ್ಯುತ್ ಹೋಗುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಸಂಗತಿ. ಈ ಪೆಟ್ಟಿಗೆ 12 ವೋಲ್ಟ್ ಬ್ಯಾಟರಿಯಿಂದಲೂ ನಡೆಯುತ್ತದೆ. ಬ್ಯಾಟರಿ ಇಲ್ಲದಾಗ ಕಂಬಳಿ ಹೊದಿಸಿ ಒಂದೆರಡು ಗಂಟೆ ಬಿಸಿ ಕಾಯಬಹುದು, ಆದರೆ ಕಿಂಡಿಯನ್ನು ಕಂಬಳಿ ಮುಚ್ಚದಂತೆ ನೋಡಿಕೊಳ್ಳಬೇಕು.

ಒದ್ದೆಯ ಋತುವಿನ ಇನ್ನೊಂದು ಕಷ್ಟ ಬೂಷ್ಟು. ಮೊಟ್ಟೆ ಸಂಗ್ರಹಿಸಿಟ್ಟ ಬುಟ್ಟಿಯಲ್ಲಿಯೇ ಅದು ಶುರುವಾಗುತ್ತದೆ. ಕಾವಿಗೆ ಇಡುವ ಮೊಟ್ಟೆಗಳನ್ನು ಒಂದು ವಾರಕ್ಕಿಂತ ಹೆಚ್ಚು ದಿನ ಇಟ್ಟುಕೊಳ್ಳಬಾರದು. ತಣ್ಣನೆಯ ಜಾಗದಿಂದ ತಂದ ಮೊಟ್ಟೆಗಳನ್ನು ನೇರವಾಗಿ ಬಿಸಿ ಪೆಟ್ಟಿಗೆಯೊಳಗೆ ಇಟ್ಟರೆ ಚಿಪ್ಪಿನ ಮೇಲೆ ನೀರು ಕಟ್ಟಿ ಆ ತೇವದ ಜೊತೆ ಸೂಕ್ಷ್ಮಾಣುಗಳು ರಂಧ್ರದೊಳಗೆ ಇಳಿಯುತ್ತವೆ. ಕೆಲವು ಗಂಟೆ ಕೋಣೆಯಲ್ಲಿಟ್ಟು, ಮೈ ಒಣಗಿದ ಮೇಲೆ ಇಡಬೇಕು. ಕೊಳೆಯಾದ ಮೊಟ್ಟೆಯನ್ನು ತೊಳೆದು ಇಡುವುದಕ್ಕಿಂತ ಅಡುಗೆಗೆ ಬಿಡುವುದು ಲೇಸು. ಒಂದು ಸರದಿ ಮುಗಿದ ಮೇಲೆ ತಳವನ್ನು ಸೋಂಕುನಾಶಕ ಬೆರೆಸಿದ ನೀರಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಇಲ್ಲಿ ಪೆಟ್ಟಿಗೆಯ ರಚನೆಗೆ ಪೂರ್ಣ ಅಂಕ ಕೊಡುತ್ತೇನೆ, ತಳದ ತಟ್ಟೆ ಬೇರೆಯಾಗಿ ಬರುತ್ತದೆ, ಕಾಲುವೆಗಳ ಮೂಲೆಗಳು ದುಂಡಗಿವೆ, ಒಂದು ಬ್ರಷ್ ಸಾಕು. ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಈ ಅನುಕೂಲವಿಲ್ಲ. ಅವು ಬಿಸಿಯನ್ನು ಚೆನ್ನಾಗಿ ಹಿಡಿದರೂ ಮಲೆನಾಡಿನ ಮಳೆಗಾಲದಲ್ಲಿ ಅವುಗಳ ಒಳಮೈಯಿಂದ ಬೂಷ್ಟನ್ನು ಪೂರ್ತಿ ತೆಗೆಯುವುದು ಕಷ್ಟ.

ಬಾತುಕೋಳಿ, ಗೌಜಲು ಹಕ್ಕಿಯ ಮೊಟ್ಟೆಗಳನ್ನು ಇದೇ ಪೆಟ್ಟಿಗೆಯಲ್ಲಿ ಇಡಬಹುದೇ ಎಂದು ಕೇಳುವವರಿಗೆ: ಇಡಬಹುದು, ಆದರೆ ಕೋಳಿಮೊಟ್ಟೆಯ ಜೊತೆ ಬೆರೆಸಿ ಬೇಡ. ಸಾಮಾನ್ಯ ಬಾತಿಗೆ 28 ದಿನ, ಸಾಕು ಗೌಜಲಿಗೆ 17ರಿಂದ 18 ದಿನ. ಒಂದಕ್ಕೆ ಕೊನೆಯ ದಿನಗಳ ಹೆಚ್ಚಿನ ತೇವಾಂಶ ಬೇಕಾದ ಹೊತ್ತಿಗೆ ಇನ್ನೊಂದು ಒಣಗಬೇಕಾದ ಹಂತದಲ್ಲಿರುತ್ತದೆ, ಒಂದೇ ಪೆಟ್ಟಿಗೆಯಲ್ಲಿ ಎರಡಕ್ಕೂ ನ್ಯಾಯ ಸಲ್ಲಿಸಲು ಆಗುವುದಿಲ್ಲ. ಬೇರೆ ಬೇರೆ ವಾರಗಳಲ್ಲಿ ಕೋಳಿಮೊಟ್ಟೆಗಳನ್ನೇ ಸೇರಿಸುತ್ತ ಹೋಗುವುದಕ್ಕೂ ಇದೇ ಆಕ್ಷೇಪ.

ಈ ಬಗೆಯ ಪೆಟ್ಟಿಗೆಯನ್ನು ತಯಾರಿಸುವವರು ಸಂವೇದಕವನ್ನು ಮುಚ್ಚಳದಿಂದ ಇಳಿಸಿ ಮೊಟ್ಟೆಯ ಮಟ್ಟಕ್ಕೆ ತರಬೇಕು, ಅದರ ಅಂಕಿಯನ್ನು ಮನೆಯಲ್ಲೇ ಸರಿಪಡಿಸಿಕೊಳ್ಳುವ ಅವಕಾಶ ಕೊಡಬೇಕು, ಎರಡೂ ಕಾಲುವೆಗೆ ಬೇರೆ ಬೇರೆ ತೂತು ಇಡಬೇಕು, ಮತ್ತು ಕೈಪಿಡಿಯಲ್ಲಿ ತೂಕ ಇಳಿಕೆಯ ಒಂದು ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಬೇಕು ಎಂಬುದು ನನ್ನ ಬಲವಾದ ಅಪೇಕ್ಷೆ. ಇವಿಲ್ಲದೆಯೂ, ತಕ್ಕಡಿ ಮತ್ತು ಪರೀಕ್ಷಿಸಿದ ಹೈಗ್ರೋಮೀಟರ್ ಸೇರಿಸಿಕೊಂಡು ಬಳಸುವವರಿಗೆ ನಾನು ಇದನ್ನು ಸಂತೋಷದಿಂದ ಶಿಫಾರಸು ಮಾಡುತ್ತೇನೆ. ವರ್ಷಕ್ಕೊಮ್ಮೆ ಹತ್ತು ಮರಿ ಸಾಕು ಎನ್ನುವವರು, ಕಾವಿಗೆ ಕೂರುವ ಹೇಂಟೆ ಮನೆಯಲ್ಲಿದ್ದರೆ, ಇದಕ್ಕೆ ಹಣ ಹಾಕಬೇಕಾಗಿಲ್ಲ. ಕೊಳ್ಳಲು ಹೊರಟವರು ಅಂಗಡಿಯಲ್ಲಿಯೇ ತಳದ ತಟ್ಟೆಯನ್ನು ಎತ್ತಿ ನೋಡಲಿ: ಕಾಲುವೆಗಳು ಒಂದಕ್ಕೊಂದು ಸೇರದೆ ಬೇರೆಯಾಗಿವೆಯೇ, ಕಿಂಡಿ ಸ್ವಲ್ಪ ಸ್ವಲ್ಪವಾಗಿ ತೆರೆಯಲು ಬರುತ್ತದೆಯೇ, ನೀರಿಲ್ಲದೆ ನಡೆಸಿದಾಗ ತೇವಾಂಶದ ಎಚ್ಚರಿಕೆ ಗಂಟೆಯನ್ನು ನಿಲ್ಲಿಸಲು ಬರುತ್ತದೆಯೇ. ಕೆಲವು ಪೆಟ್ಟಿಗೆಗಳಲ್ಲಿ ಆ ಗಂಟೆ ನಿಲ್ಲುವುದಿಲ್ಲ, ಅದರ ಸದ್ದಿಗೆ ಬೇಸತ್ತು ಮನೆಯವರು ಬೇಡದ ಕಡೆ ನೀರು ಹೊಯ್ದುಬಿಡುತ್ತಾರೆ.